‘ಓಪನ್ ಆಗ್ತೈತಿ’ ಅನ್ನೋದು ಬೇರೆ, ಆಡೋದು ಬೇರೆ: ಅಗ್ಗದ ಹ್ಯಾಂಡ್‌ಹೆಲ್ಡ್ ಯಾವುದು ಯಾರಿಗೆ?

ಜನವರಿಯಲ್ಲಿ ಗವಿಮಠದ ಜಾತ್ರೆಗೆಂದು ಕೊಪ್ಪಳಕ್ಕೆ ಬಂದಿದ್ದ ಅಳಿಯ ಚೀಲದಿಂದ ಒಂದು ಹ್ಯಾಂಡ್‌ಹೆಲ್ಡಿನ, ಅಂದರೆ ಕೈಯಲ್ಲೇ ಹಿಡಿದು ಹಳೆಯ ವಿಡಿಯೋ ಗೇಮ್ ಆಡುವ ಸಾಧನದ, ಡಬ್ಬಿ ತೆಗೆದು ನನ್ನ ಮುಂದಿಟ್ಟ. ಡಬ್ಬಿಯ ಮೇಲೆ ಕಂಪನಿಯ ಹೆಸರಿಲ್ಲ. ‘15000 ಗೇಮ್’ ಎಂದು ಮಾತ್ರ ದಪ್ಪಕ್ಷರದಲ್ಲಿ ಇತ್ತು, ಕೆಳಗೆ ಹದಿನೆಂಟೋ ಇಪ್ಪತ್ತೋ ಕನ್ಸೋಲುಗಳ (ಆಟಕ್ಕೆಂದೇ ಮಾಡಿದ ಹಳೆಯ ಯಂತ್ರಗಳ) ಚಿತ್ರ.

“ಮಾಮಾ, ಇದರಾಗ ಪಿಎಸ್‌ಪಿ ಗಾಡ್ ಆಫ್ ವಾರ್ ಓಪನ್ ಆಗ್ತೈತಿ ನೋಡು.”

ಓಪನ್ ಆಯಿತು, ಸುಳ್ಳಲ್ಲ. ಮೆನು ಬಂತು, ಸಂಗೀತವೂ ಬಂತು. ಆಟ ಶುರುವಾದ ಮೇಲೆ ಅದರ ನಾಯಕ ಕ್ರೇಟೋಸ್ ಕೈ ಎತ್ತಿದ. ಅದನ್ನು ಇಳಿಸುವಷ್ಟರಲ್ಲಿ ನನ್ನ ಚಹಾ ಅರ್ಧ ಮುಗಿದಿತ್ತು. ಸದ್ದಂತೂ ಕಾದ ಎಣ್ಣೆಗೆ ಮಿರ್ಚಿ ಬಿಟ್ಟ ಹಾಗೆ ಚಟಪಟ. ಹುಡುಗ ನಾಲ್ಕು ಸಾವಿರದ ಹತ್ತಿರ ಕೊಟ್ಟು ತಂದಿದ್ದ. ಅವನ ಮುಖ ನೋಡಿ ಏನೂ ಅನ್ನಲಿಲ್ಲ. ಆಮೇಲೆ ಬಳ್ಳಾರಿಯಲ್ಲಿ ಡಿಪ್ಲೊಮಾ ಓದುವ ಅವನ ಗೆಳೆಯರು ಒಬ್ಬೊಬ್ಬರಾಗಿ ನನಗೆ ಫೋನ್ ಹಚ್ಚಿ, “ಅಣ್ಣಾ, ಯಾವುದು ತಗೊಳ್ಳೋಣ?” ಎಂದು ಕೇಳತೊಡಗಿದರು. ಅದನ್ನೇ ಐದಾರು ಸಲ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಯಾರೇ ಕೇಳಲಿ, ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ನೀನು ನಿಜವಾಗಿ ಆಡಬೇಕು ಅಂದುಕೊಂಡಿರುವ ಮೂರು ಆಟ ಯಾವುವು? ಕನ್ಸೋಲಿನ ಹೆಸರು ಬೇಡ, ಆಟದ ಹೆಸರು ಹೇಳು. ಡಬ್ಬಿಯ ಮೇಲಿನ ಹದಿನೈದು ಸಾವಿರದಲ್ಲಿ ಹದಿನಾಲ್ಕು ಸಾವಿರದ ಒಂಬೈನೂರನ್ನು ನೀನು ಮುಟ್ಟುವುದೂ ಇಲ್ಲ. ಆ ಮೂರು ಹೆಸರು ಸಿಕ್ಕರೆ ಯಾವ ಸಾಧನ ಸಾಕು, ಎಲ್ಲಿ ದುಡ್ಡು ದಂಡ ಎಂದು ಹೇಳಬಹುದು.

ವೇಗದ ಲೆಕ್ಕ ಯಾಕೆ ಕೈಕೊಡುತ್ತದೆ

ಹೊಸ ಚಿಪ್ ಹಳೆಯ ಆಟಕ್ಕೆ ಯಾಕೆ ಸಾಲದು ಎಂಬ ಅಳಿಯನ ಪ್ರಶ್ನೆ ನ್ಯಾಯವಾದದ್ದೇ. ಸೋನಿಯ ಪಿಎಸ್‌ಪಿ ಬಂದದ್ದು 2004ರಲ್ಲಿ, ಅದರ ಚಿಪ್‌ನ ಗರಿಷ್ಠ ವೇಗ 333 ಮೆಗಾಹರ್ಟ್ಸ್. ಇವನ ಕೈಯಲ್ಲಿರುವುದರಲ್ಲಿ ನಾಲ್ಕು ಕೋರ್, ಒಂದೊಂದೂ ಒಂದೂವರೆ ಗಿಗಾಹರ್ಟ್ಸ್ ಹತ್ತಿರ. ನಾಲ್ಕು ಪಟ್ಟು ಹೆಚ್ಚು ವೇಗ, ನಾಲ್ಕು ಪಟ್ಟು ಹೆಚ್ಚು ಕೋರ್. ಮತ್ತೆ ಯಾಕೆ ತೆವಳುತ್ತದೆ?

ರಾಯಚೂರಿನ ಗಂಜ್‌ನಲ್ಲಿ ಅರ್ಧ ದಿನ ನಿಂತವರಿಗೆ ಇದು ಬೇಗ ತಿಳಿಯುತ್ತದೆ. ಗಡಿಯಾಚೆಯಿಂದ ಹತ್ತಿ ತಂದ ರೈತನದು ತೆಲುಗು, ಕೊಳ್ಳುವವನಿಗೆ ಬರುವುದು ಕನ್ನಡ. ನಡುವೆ ನಿಂತ ದಲಾಲ ಒಂದೊಂದು ಮಾತನ್ನೂ ಕೇಳಿ, ತಿಳಿದು, ತಿರುವಿ ಹೇಳಬೇಕು. ಹಳೆಯ ಕನ್ಸೋಲಿನ ಆಟವನ್ನು ಬೇರೆ ಯಂತ್ರದಲ್ಲಿ ಓಡಿಸುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಮಾಡುವುದು ಈ ದಲಾಲನ ಕೆಲಸವನ್ನೇ. ಹಳೆಯ ಕನ್ಸೋಲಿನ ಒಂದು ಆಜ್ಞೆಯನ್ನು ತನ್ನ ಚಿಪ್‌ನ ಭಾಷೆಯಲ್ಲಿ ಮಾಡಿ ತೋರಿಸಲು ಅದಕ್ಕೆ ಹತ್ತಾರು ಆಜ್ಞೆ ಹಿಡಿಯುತ್ತದೆ. ಪಳಗಿದ ದಲಾಲ ಪದೇಪದೇ ಬರುವ ಮಾತನ್ನು ಒಮ್ಮೆ ತಿರುವಿಟ್ಟುಕೊಂಡು ಮುಂದಿನ ಸಲ ನೆನಪಿನಿಂದಲೇ ಹೇಳಿಬಿಡುತ್ತಾನೆ. ಎಮ್ಯುಲೇಟರಿನಲ್ಲಿ ಇದಕ್ಕೆ ಡೈನಾಮಿಕ್ ರೀಕಂಪೈಲರ್ ಅನ್ನುತ್ತಾರೆ. ಅಗ್ಗದ ಸಾಧನಗಳಲ್ಲೂ ಪಿಎಸ್1 (ಸೋನಿಯ ಮೊದಲ ಪ್ಲೇಸ್ಟೇಷನ್) ಆಟಗಳು ಸಲೀಸಾಗಿ ಓಡುವುದಕ್ಕೆ, ಎಆರ್‌ಎಂ ಚಿಪ್‌ಗಳನ್ನೇ ಗುರಿಯಾಗಿಟ್ಟು ಬರೆದ ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಎಂಬ ಎಮ್ಯುಲೇಟರಿನಲ್ಲಿ ಇಂಥ ರೀಕಂಪೈಲರ್ ಇರುವುದು ದೊಡ್ಡ ಕಾರಣ.

ಒಬ್ಬ ರೈತ, ಒಬ್ಬ ದಲಾಲ ಇರುವವರೆಗೆ ಎಲ್ಲ ಚೆಂದ. ನಾಲ್ಕು ಜನ ಒಮ್ಮೆಗೇ ಮಾತಾಡಿ, ಯಾರ ಮಾತು ಯಾರದಕ್ಕಿಂತ ಎಷ್ಟು ಮೊದಲು ಬಂತು ಎಂಬುದನ್ನೂ ಹಾಗೆಯೇ ತಲುಪಿಸಬೇಕು ಎಂದರೆ? ಸೆಗಾ ಸ್ಯಾಟರ್ನ್ ಎಂಬ ಕನ್ಸೋಲ್ ಅಂಥದ್ದು. ಜಪಾನಿನಲ್ಲಿ ಅದು 1994ರ ನವೆಂಬರಿನಲ್ಲಿ ಬಂತು, ಪಿಎಸ್1 ಡಿಸೆಂಬರಿನಲ್ಲಿ. ಒಂದೇ ಓರಗೆಯವು. ಪಿಎಸ್1ರಲ್ಲಿ 33.87 ಮೆಗಾಹರ್ಟ್ಸ್‌ನ ಒಂದು ಮುಖ್ಯ ಚಿಪ್ ಯಜಮಾನಿಕೆ ಮಾಡುತ್ತದೆ. ಸ್ಯಾಟರ್ನ್‌ನಲ್ಲಿ 28.6 ಮೆಗಾಹರ್ಟ್ಸ್‌ನ ಎರಡು ಮುಖ್ಯ ಚಿಪ್, ಚಿತ್ರಕ್ಕೆ ಎರಡು, ಸದ್ದಿಗೆ ಬೇರೆ, ಲೆಕ್ಕಕ್ಕೆ ಇನ್ನೊಂದು. ಅದಕ್ಕೇ ಪಿಎಸ್1 ಬೆಣ್ಣೆಯಂತೆ ಓಡುವ ಸಾಧನದಲ್ಲಿ ಸ್ಯಾಟರ್ನ್ ಮುಗ್ಗರಿಸುತ್ತದೆ. ಇನ್ನೂ ತಮಾಷೆ ಎಂದರೆ, ನಾಲ್ಕು ವರ್ಷ ಬಿಟ್ಟು 1998ರಲ್ಲಿ ಬಂದ, 200 ಮೆಗಾಹರ್ಟ್ಸ್‌ನ ಸೆಗಾ ಡ್ರೀಮ್‌ಕಾಸ್ಟ್ ಇದೇ ಸಾಧನಗಳಿಗೆ ಸ್ಯಾಟರ್ನ್‌ಗಿಂತ ಹಗುರ. ಅದರ ಒಳರಚನೆ ನೇರ, ಚಿತ್ರ ಬಿಡಿಸುವ ರೀತಿ ಈಗಿನ ಮೊಬೈಲ್ ಗ್ರಾಫಿಕ್ಸ್ ಚಿಪ್‌ಗೆ ಹತ್ತಿರ. ಕನ್ಸೋಲಿನ ವಯಸ್ಸು ನೋಡಿ ‘ಹಳೆಯದು, ಓಡೇ ಓಡ್ತದೆ’ ಎಂದು ಲೆಕ್ಕ ಹಾಕುವವರು ಎಡವುವುದು ಇಲ್ಲೇ.

ಕಾಲದ ಲೆಕ್ಕವೂ ಕಠಿಣ. ಆಟ ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು 16.67 ಮಿಲಿಸೆಕೆಂಡ್. ಅಷ್ಟರೊಳಗೆ ಚಿಪ್, ಚಿತ್ರ, ಸದ್ದು, ಬಟನ್ ಎಲ್ಲದರ ಕೆಲಸ ಮುಗಿಯಬೇಕು. ಇಪ್ಪತ್ತು ಹಿಡಿಯಿತೋ, ಇಡೀ ಆಟವೇ ನಿಧಾನ. ಕಣ್ಣು ಇದನ್ನು ಸ್ವಲ್ಪ ಹೊತ್ತು ಸಹಿಸುತ್ತದೆ, ಕಿವಿ ಸಹಿಸುವುದಿಲ್ಲ. ಸದ್ದಿನ ಸಂಗ್ರಹ ಖಾಲಿಯಾದ ಕೂಡಲೇ ಆ ಚಟಪಟ. ಹಾಗಾಗಿ ಅಂಗಡಿಯಲ್ಲಿ ಪರೀಕ್ಷಿಸುವಾಗ ಸದ್ದು ಮುಚ್ಚಿಸಿ ತೋರಿಸಿದರೆ ಅನುಮಾನಪಡಿ.

ಇನ್ನೊಂದು ಮಾತು. ನಿಖರತೆ ಹೆಚ್ಚಿದಷ್ಟೂ ದಲಾಲನ ಕೆಲಸ ಹೆಚ್ಚು. ಸೂಪರ್ ನಿಂಟೆಂಡೋ ಎಂಬ ಹಳೆಯ ಕನ್ಸೋಲಿನ ಚಿಪ್ 3.58 ಮೆಗಾಹರ್ಟ್ಸ್ ಅಷ್ಟೇ. ಆದರೆ ಅದನ್ನು ಕೂದಲೆಳೆಯಷ್ಟೂ ತಪ್ಪದೆ ಅನುಕರಿಸಲು 3 ಗಿಗಾಹರ್ಟ್ಸ್‌ನ ಕಂಪ್ಯೂಟರ್ ಬೇಕು ಎಂದು ಬಿಎಸ್‌ಎನ್‌ಇಎಸ್ ಎಮ್ಯುಲೇಟರ್ ಬರೆದವರೇ 2011ರಲ್ಲಿ ವಿವರಿಸಿದ್ದರು. ಅಂದಮೇಲೆ ಅಂಗೈಯಷ್ಟು ಸಾಧನದಲ್ಲಿ ಸೂಪರ್ ನಿಂಟೆಂಡೋ ಆಡುವಾಗ ಎಲ್ಲೋ ಒಂದು ಕಡೆ ಅಡ್ಡದಾರಿ ಹಿಡಿದಿರುತ್ತಾರೆ. ನೂರಕ್ಕೆ ತೊಂಬತ್ತೈದು ಆಟಗಳಲ್ಲಿ ಅದು ನಮಗೆ ಗೊತ್ತೂ ಆಗುವುದಿಲ್ಲ.

ಕಾಂಟ್ರಾ, ಮಾರಿಯೋ ಅಷ್ಟೇ ಸಾಕು ಅನ್ನುವವರಿಗೆ

ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಎದುರು, ಮೊಬೈಲ್ ಅಂಗಡಿಯ ಗಾಜಿನೊಳಗೆ ಕಾಣುವ ‘400 ಇನ್ ಒನ್’ ಸಪ್ ಗೇಮ್‌ಬಾಕ್ಸ್‌ನಲ್ಲಿ ಎಮ್ಯುಲೇಟರೇ ಇಲ್ಲ. ನಾವು ಚಿಕ್ಕವರಿದ್ದಾಗ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮ್‌ನ ಇಡೀ ಸರ್ಕ್ಯೂಟನ್ನು ಒಂದೇ ಚಿಪ್‌ನಲ್ಲಿ ಅಚ್ಚು ಹಾಕಿದ್ದು ಅದು. ಐದಾರು ನೂರಕ್ಕೆ ಸಿಗುತ್ತದೆ, ನೋಕಿಯಾ ಕಾಲದ ಬಿಎಲ್-5ಸಿ ಬ್ಯಾಟರಿ ಕೂರುತ್ತದೆ, ಗಂಗಾವತಿಯಲ್ಲೋ ಸಿಂಧನೂರಲ್ಲೋ ಯಾವ ಮೊಬೈಲ್ ಅಂಗಡಿಯಲ್ಲಾದರೂ ಆ ಬ್ಯಾಟರಿ ಸಿಕ್ಕೀತು. ನಾನೂರರಲ್ಲಿ ಅದೇ ಆಟ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಸೇವ್ ಇಲ್ಲ. ಹೊಸ ಆಟ ಹಾಕಲು ಬರುವುದಿಲ್ಲ. ಏಳೆಂಟು ವರ್ಷದ ಮಗುವಿಗೆ, ಅಥವಾ ಊಟದ ಮೇಲೆ ಹತ್ತು ನಿಮಿಷ ಟ್ಯಾಂಕ್ ಆಡುವ ದೊಡ್ಡಪ್ಪನಿಗೆ ಇದಕ್ಕಿಂತ ಹೆಚ್ಚಿನದು ಬೇಡ. ಉಳಿದವರು ಇದನ್ನು ಬಿಡಿ.

ಪಿಎಸ್1ರವರೆಗೆ: ಇಲ್ಲಿ ಅಗ್ಗದ್ದೇ ಗೆಲ್ಲುತ್ತದೆ

ನಿಮ್ಮ ಮೂರು ಆಟಗಳಲ್ಲಿ ಟೆಕ್ಕನ್ 3 ಇದೆಯೇ? ಗೇಮ್ ಬಾಯ್ ಅಡ್ವಾನ್ಸಿನ ಪೋಕೆಮಾನ್ ಇದೆಯೇ? ಒಂದು ರೂಪಾಯಿ ಹಾಕಿ ಆಡುತ್ತಿದ್ದ ಮುಸ್ತಫಾ ಇದೆಯೇ? (ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ 1993ರಲ್ಲಿ ತಂದದ್ದು. ನಮ್ಮಲ್ಲಿ ಹಳದಿ ಟೋಪಿಯ ಮುಸ್ತಫಾನ ಹೆಸರೇ ಆಟಕ್ಕೂ ನಿಂತುಬಿಟ್ಟಿತು.) ಹಾಗಿದ್ದರೆ ನಿಶ್ಚಿಂತೆ. ಈ ಮೂರೂ ಅತಿ ಅಗ್ಗದ ಲಿನಕ್ಸ್ ಹ್ಯಾಂಡ್‌ಹೆಲ್ಡ್‌ಗಳಲ್ಲೂ ಪೂರ್ತಿ ವೇಗದಲ್ಲಿ ಓಡುತ್ತವೆ.

ಈ ಸಾಲಿನಲ್ಲಿ ಹೋಲಿಸಬೇಕಾದವು ಮುಖ್ಯವಾಗಿ ಮೂರು. ಮಿಯೂ ಮಿನಿ ಪ್ಲಸ್‌ನಲ್ಲಿ 1.2 ಗಿಗಾಹರ್ಟ್ಸ್‌ನ ಎರಡೇ ಕಾರ್ಟೆಕ್ಸ್-ಎ7 ಕೋರ್, ಬರೀ 128 ಎಂಬಿ ರ್‍ಯಾಮ್. ಕಾಗದದ ಮೇಲೆ ನೋಡಿದರೆ ಎಲ್ಲಕ್ಕಿಂತ ಬಡಪಾಯಿ. ಆದರೂ ಪಿಎಸ್1ರವರೆಗೆ ಮಾತ್ರ ಆಡುತ್ತೇನೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಆನಿಯನ್ ಓಎಸ್ ಎಂಬ ಬದಲಿ ಸಾಫ್ಟ್‌ವೇರ್ ಹಾಕಿಕೊಂಡರೆ ಬಟನ್ ಒತ್ತಿದ ಕೂಡಲೇ ಬಿಟ್ಟಲ್ಲಿಂದ ಆಟ ಮುಂದುವರಿಯುತ್ತದೆ, ಅಂಗಿಯ ಜೇಬಿಗೆ ಹಿಡಿಸುತ್ತದೆ. ಮಿತಿ ಎಲ್ಲಿ ಎಂದು ಗೊತ್ತಿರುವ ಸಾಧನ. ಎನ್64 (ನಿಂಟೆಂಡೋ 64), ಪಿಎಸ್‌ಪಿ ಆಸೆ ತೋರಿಸುವುದೇ ಇಲ್ಲ.

ಆರ್36ಎಸ್‌ನಲ್ಲಿ ಇರುವುದು ಆರ್‌ಕೆ3326 ಚಿಪ್: ನಾಲ್ಕು ಕಾರ್ಟೆಕ್ಸ್-ಎ35 ಕೋರ್, ಮಾಲಿ-ಜಿ31 ಗ್ರಾಫಿಕ್ಸ್, 1 ಜಿಬಿ ರ್‍ಯಾಮ್. ಆನ್‌ಬರ್ನಿಕ್‌ನ ಆರ್‌ಜಿ35ಎಕ್ಸ್‌ಎಕ್ಸ್ ಪ್ಲಸ್ ಮತ್ತು ಅದರ ಅಡ್ಡ ರೂಪವಾದ ಎಚ್‌ನಲ್ಲಿ ಆಲ್‌ವಿನ್ನರ್ ಎಚ್700: ನಾಲ್ಕು ಕಾರ್ಟೆಕ್ಸ್-ಎ53, ಗ್ರಾಫಿಕ್ಸ್ ಅದೇ ಜಾತಿಯದು. ಎ53 ಕೋರ್ ಎ35ಕ್ಕಿಂತ ಒಂದು ಕೈ ಮೇಲು, ಆದರೆ ಆಟದ ಪಟ್ಟಿ ಹೆಚ್ಚೇನೂ ಬದಲಾಗುವುದಿಲ್ಲ. ಅನಾಲಾಗ್ ಸ್ಟಿಕ್ ಬೇಕೆಂದರೆ ಆರ್36ಎಸ್ ಅಥವಾ ಎಚ್. ಆರ್36ಎಸ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಅದರ ನಕಲುಗಳು ಮಾರುಕಟ್ಟೆ ತುಂಬ ಇವೆ, ಅಸಲಿಯಲ್ಲೂ ಬೇರೆ ಬೇರೆ ಪರದೆಗಳನ್ನು ಹಾಕಿರುತ್ತಾರೆ. ಹೊಸ ಓಎಸ್ ಹಾಕುವ ಮುನ್ನ ಮೂಲ ಕಾರ್ಡಿನ ಬೂಟ್ ವಿಭಾಗದಲ್ಲಿರುವ ಡಿಟಿಬಿ ಫೈಲ್‌ಗಳನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ಪರದೆಯ ಜಾತಕ ಆ ಫೈಲ್‌ನಲ್ಲಿ ಇರುತ್ತದೆ. ತಪ್ಪಿದರೆ ಕಪ್ಪು ಪರದೆ ನೋಡಿಕೊಂಡು ಕೂರಬೇಕಾದೀತು.

ಈ ಮೂರರದೂ ಪರದೆ 3.5 ಇಂಚು, 640×480. ಪಿಎಸ್1ರ ಬಹುಪಾಲು ಆಟಗಳ ಚಿತ್ರ 320×240, ಅಂದರೆ ಸರಿಯಾಗಿ ಎರಡು ಪಟ್ಟು. ಅದಕ್ಕೇ ಚಿತ್ರ ಗರಿಗರಿಯಾಗಿ ಕೂರುತ್ತದೆ. ಗೇಮ್ ಬಾಯ್ ಅಡ್ವಾನ್ಸಿನ 240×160 ಮಾತ್ರ ಇದಕ್ಕೆ ಸರಿಹೊಂದದು: ಎರಡು ಪಟ್ಟಿಗೆ ನಿಲ್ಲಿಸಿದರೆ ಸುತ್ತ ಕಪ್ಪಂಚು, ಎಳೆದರೆ ಮಸುಕು. ಅಡ್ವಾನ್ಸ್ ಆಟಗಳೇ ನಿಮ್ಮ ಪ್ರಾಣ ಎಂದಾದರೆ 720×720ರ ಚೌಕ ಪರದೆಯ ಪೌಕಿಡ್ಡಿ ಆರ್‌ಜಿಬಿ30 ನೋಡಿ. ಅಲ್ಲಿ ಮೂರು ಪಟ್ಟು ಅಡ್ಡಕ್ಕೆ ಪೂರ್ತಿ ತುಂಬುತ್ತದೆ.

ಮುಸ್ತಫಾ ಓಪನ್ ಆಗಲೇ ಇಲ್ಲ ಎಂದು ದೂರುವವರಿಗೆ: ಇಂಥ ಆರ್ಕೇಡ್ (ನಾಣ್ಯ ಹಾಕಿ ಆಡುವ) ಆಟಗಳಲ್ಲಿ ಚಿಪ್‌ನ ಶಕ್ತಿಗಿಂತ ಫೈಲ್‌ನ ಆವೃತ್ತಿ ಕಾಡುತ್ತದೆ. ಮೇಮ್ 2003 ಎಂಬ ಹಗುರ ಎಮ್ಯುಲೇಟರ್ ಕೇಳುವುದು 0.78 ಆವೃತ್ತಿಯ ರಾಮ್ ಸೆಟ್ಟನ್ನು, ಅಂದರೆ ಆಟದ ಫೈಲ್‌ಗಳ ಗುಂಪನ್ನು. ಬೇರೆಯದು ಹಾಕಿದರೆ ಮುಖ ತಿರುಗಿಸುತ್ತದೆ.

ಎನ್64, ಡ್ರೀಮ್‌ಕಾಸ್ಟ್, ಪಿಎಸ್‌ಪಿ: ಮೋಸ ಹೋಗುವ ಜಾಗ

ಜಾಹೀರಾತುಗಳು ದುಡಿಯುವುದು ಇಲ್ಲಿ. ವಿಡಿಯೋದಲ್ಲಿ ಎನ್64 ಎಂದರೆ ಸೂಪರ್ ಮಾರಿಯೋ 64 ತೋರಿಸುತ್ತಾರೆ, ಡ್ರೀಮ್‌ಕಾಸ್ಟ್ ಎಂದರೆ ಕ್ರೇಜಿ ಟ್ಯಾಕ್ಸಿ, ಪಿಎಸ್‌ಪಿ ಎಂದರೆ ಪಟಾಪಾನ್, ಲೊಕೊರೊಕೊ. ಇವೆಲ್ಲ ಆಯಾ ಕನ್ಸೋಲಿನ ಹಗುರ ಆಟಗಳು. ಆರ್‌ಕೆ3326ರಲ್ಲಿ ಇವು ನಡೆಯುತ್ತವೆ, ಹೌದು. ಅದೇ ಸಾಧನದಲ್ಲಿ ಎನ್64ರ ಗೋಲ್ಡನ್‌ಐ ಅಥವಾ ಕಾಂಕರ್ಸ್ ಬ್ಯಾಡ್ ಫರ್ ಡೇ ಹಾಕಿಸಿ. ಪಿಎಸ್‌ಪಿಯ ಗಾಡ್ ಆಫ್ ವಾರ್ ಹಾಕಿಸಿ. ಬಣ್ಣ ಬಯಲು.

ಎನ್64ರ ತೊಡಕು ವಿಚಿತ್ರದ್ದು. 1996ರ ಆ ಕನ್ಸೋಲಿನಲ್ಲಿ ಮುಖ್ಯ ಚಿಪ್ 93.75 ಮೆಗಾಹರ್ಟ್ಸ್, ಜೊತೆಗೆ 62.5 ಮೆಗಾಹರ್ಟ್ಸ್‌ನ ಇನ್ನೊಂದು ಚಿಪ್ ಚಿತ್ರ, ಸದ್ದು ನೋಡಿಕೊಳ್ಳುತ್ತದೆ. ಆ ಎರಡನೆಯದಕ್ಕೆ ಆಟ ಮಾಡಿದವರು ತಮ್ಮದೇ ಪುಟ್ಟ ಪ್ರೋಗ್ರಾಂ ಬರೆದು ತುಂಬಬಹುದಿತ್ತು, ಅದಕ್ಕೆ ಮೈಕ್ರೋಕೋಡ್ ಎಂದು ಹೆಸರು. ಎಮ್ಯುಲೇಟರ್ ಎಲ್ಲರೂ ಬಳಸಿದ ಮೈಕ್ರೋಕೋಡನ್ನು ಗುರುತು ಹಿಡಿದು, ‘ಇವನು ಹೇಳುವುದು ಇದನ್ನೇ’ ಎಂದು ಊಹಿಸಿ ನೇರ ಚಿತ್ರ ಬಿಡಿಸುತ್ತದೆ. ಹಾಗಾಗಿ ಮಾರಿಯೋ ಸಲೀಸು. ಫ್ಯಾಕ್ಟರ್ 5 ಕಂಪನಿಯವರು 1998ರ ರೋಗ್ ಸ್ಕ್ವಾಡ್ರನ್‌ಗೆ ತಮ್ಮದೇ ಮೈಕ್ರೋಕೋಡ್ ಬರೆದುಕೊಂಡರು. ಅಲ್ಲಿ ಊಹೆ ನಡೆಯದು, ಒಂದೊಂದನ್ನೂ ತಿರುವಬೇಕು, ಬಡ ಚಿಪ್ ಏದುಸಿರು ಬಿಡುತ್ತದೆ. ‘ಎನ್64 ಸಪೋರ್ಟ್’ ಎಂಬ ಎರಡು ಪದಕ್ಕೆ ಅರ್ಥವೇ ಇಲ್ಲ; ಯಾವ ಆಟ ಎಂದು ಕೇಳಬೇಕು.

ಈ ಮೂರು ಕನ್ಸೋಲು ಬೇಕೇ ಬೇಕು ಎಂದರೆ ಆರ್‌ಕೆ3566 ಚಿಪ್‌ನ ಸಾಧನಕ್ಕೆ ಏರಿ. ಆರ್‌ಜಿಬಿ30, ಆನ್‌ಬರ್ನಿಕ್‌ನ ಆರ್‌ಜಿ353 ಸಾಲು ಇದರಲ್ಲಿ ಬರುತ್ತವೆ. 1.8 ಗಿಗಾಹರ್ಟ್ಸ್‌ನ ನಾಲ್ಕು ಕಾರ್ಟೆಕ್ಸ್-ಎ55, ಗ್ರಾಫಿಕ್ಸ್ ಮಾಲಿ-ಜಿ52. ಎನ್64, ಡ್ರೀಮ್‌ಕಾಸ್ಟ್ ಬಹುಪಾಲು ಆಡುವಂತಾಗುತ್ತವೆ. ಪಿಎಸ್‌ಪಿ ಅರ್ಧಂಬರ್ಧ. ಅದಕ್ಕೂ ಮೇಲೆ ಯೂನಿಸಾಕ್ ಟಿ618 ಹಾಕಿದ ರೆಟ್ರಾಯ್ಡ್ ಪಾಕೆಟ್ 3 ಪ್ಲಸ್‌ನಂಥ ಆಂಡ್ರಾಯ್ಡ್ ಸಾಧನಗಳಲ್ಲಿ ಪಿಎಸ್‌ಪಿ ನಿಜವಾಗಿ ಆಡುತ್ತದೆ, ಆದರೆ ಅಷ್ಟು ದುಡ್ಡು ಕೊಡುವ ಮುನ್ನ ಕೆಳಗಿನ ಎರಡು ದಾರಿ ನೋಡಿಬಿಡಿ ಎಂಬುದು ನನ್ನ ಕೋರಿಕೆ.

ಪರೀಕ್ಷಿಸುವ ಬಗೆ ಒಂದು ಹೇಳಿಬಿಡುತ್ತೇನೆ. ಪಿಎಸ್‌ಪಿ ಆಟ ಓಡಿಸುವ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರಿನ ಸೆಟ್ಟಿಂಗ್‌ನಲ್ಲಿ ಫ್ರೇಮ್‌ಸ್ಕಿಪ್ ಆಫ್ ಮಾಡಿ, ವೇಗದ ಶೇಕಡಾವಾರು ತೋರಿಸುವ ಆಯ್ಕೆ ಆನ್ ಮಾಡಿ. ನೋಡಬೇಕಾದದ್ದು 100 ಶೇಕಡಾ ಇದೆಯೇ ಎಂಬುದನ್ನು. 30 ಫ್ರೇಮ್ ಕಂಡ ಮಾತ್ರಕ್ಕೆ ಗಾಬರಿ ಬೇಡ. ಅಸಲಿ ಕನ್ಸೋಲಿನಲ್ಲೇ 30ರಲ್ಲಿ ಓಡುತ್ತಿದ್ದ ಆಟಗಳು ಬೇಕಾದಷ್ಟಿವೆ. ಫ್ರೇಮ್‌ಸ್ಕಿಪ್ ಆನ್ ಇದ್ದರೆ ನಡುನಡುವೆ ಚಿತ್ರಗಳನ್ನು ನುಂಗಿ ವೇಗ ಸರಿ ಇದ್ದಂತೆ ತೋರಿಸುತ್ತದೆ, ಆಡುವ ಬೆರಳಿಗೆ ಮಾತ್ರ ನಿಜ ಗೊತ್ತಾಗುತ್ತದೆ.

ಹಳೆಯ ಫೋನ್, ಅಥವಾ ಅಸಲಿ ಯಂತ್ರ

ಮನೆಯ ಕಪಾಟಿನಲ್ಲಿ ಹಳೆಯ ಫೋನ್ ಇದೆಯೇ? 2018ರ ಆಗಸ್ಟಿನಲ್ಲಿ ಬಂದ ಪೋಕೋ ಎಫ್1 ನೆನಪಿದೆಯಲ್ಲ, ಅದರ ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್ ಮೇಲೆ ಹೇಳಿದ ಯಾವ ಹ್ಯಾಂಡ್‌ಹೆಲ್ಡ್‌ನ ಚಿಪ್‌ಗಿಂತಲೂ ಬಲಶಾಲಿ. ಪರದೆಗೆ ಗೀರು ಬಿದ್ದ ಸೆಕೆಂಡ್ ಹ್ಯಾಂಡ್ ಫೋನೂ ನಡೆಯುತ್ತದೆ. ಎರಡೂ ಬದಿ ಹಿಡಿಯುವ ಒಂದು ಕಂಟ್ರೋಲರ್ ಕೊಂಡರೆ ಪಿಎಸ್‌ಪಿ, ಡ್ರೀಮ್‌ಕಾಸ್ಟ್ ಪೂರ್ತಿ ವೇಗ. ಪರದೆ ಮುಟ್ಟಿ ಟೆಕ್ಕನ್ ಆಡುತ್ತೇನೆ ಎನ್ನುವವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಪಿಎಸ್2 ಬಗ್ಗೆ ಕೇಳದವರಿಲ್ಲ. ಈ 845 ಚಿಪ್ ಪಿಎಸ್2ರ ಹೊಸ್ತಿಲು. ಆಂಡ್ರಾಯ್ಡ್‌ಗೆ ಬಂದ ಈಥರ್‌ಎಸ್‌ಎಕ್ಸ್2 ಎಮ್ಯುಲೇಟರ್ ಇದನ್ನೇ ಕನಿಷ್ಠ ಅಳತೆ ಎಂದು ಹೇಳಿತ್ತು. 2023ರ ಜನವರಿಯಲ್ಲಿ ಅದರ ಕೆಲಸ ನಿಂತೂ ಹೋಯಿತು. 2000ದ ಯಂತ್ರಕ್ಕೆ 2018ರ ಚಿಪ್ ಕನಿಷ್ಠವೇ ಎಂದು ಅಳಿಯ ಹುಬ್ಬೇರಿಸಿದ. ಪಿಎಸ್2ರ ಗ್ರಾಫಿಕ್ಸ್ ಚಿಪ್ ತನ್ನೊಳಗಿನ 4 ಎಂಬಿ ಮೆಮರಿಯ ಜೊತೆ ಸೆಕೆಂಡಿಗೆ 48 ಜಿಬಿ ಕೊಡುಕೊಳ್ಳುವಿಕೆ ಮಾಡಬಲ್ಲದು. 845ಕ್ಕೆ ತನ್ನ ರ್‍ಯಾಮ್ ಜೊತೆ ಅದು 30ರ ಆಸುಪಾಸು. ಒಂದು ವಿಷಯದಲ್ಲಾದರೂ ಅಜ್ಜನೇ ಮುಂದೆ. ಆರ್‌ಕೆ3326 ಡಬ್ಬಿಯ ಮೇಲೆ ಯಾರಾದರೂ ಪಿಎಸ್2 ಚಿತ್ರ ಅಂಟಿಸಿದ್ದರೆ ಆ ಡಬ್ಬಿಯ ಉಳಿದ ಮಾತನ್ನೂ ನಂಬಬೇಡಿ.

ಫೋನ್‌ಗೆ ನಮ್ಮ ಕಡೆಯ ಬಿಸಿಲೇ ಶತ್ರು. ಮೇ ತಿಂಗಳ ರಾಯಚೂರಿನಲ್ಲಿ ಕೋಣೆಯೇ ಕುಲುಮೆ. ಹದಿನೈದು ನಿಮಿಷ ಪಿಎಸ್2 ಚೆನ್ನಾಗಿ ಓಡುತ್ತದೆ, ಆಮೇಲೆ ಚಿಪ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಿಕ್ಕ ಲಿನಕ್ಸ್ ಸಾಧನಗಳು ಕರೆಂಟ್ ಉಣ್ಣುವುದೇ ಕಡಿಮೆ, ಹಾಗಾಗಿ ಈ ಕಾಟ ಅವಕ್ಕಿಲ್ಲ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವ ರಾತ್ರಿ ನಾಲ್ಕೈದು ತಾಸು ಅಡ್ವಾನ್ಸ್ ಆಟ ಆಡಿದರೂ 3000 ಎಂಎಎಚ್ ಬ್ಯಾಟರಿ ಸಾಕಾಗುತ್ತದೆ, ಬೆಳಿಗ್ಗೆ ಓಲಾ ಬುಕ್ ಮಾಡಲು ಫೋನ್‌ನ ಚಾರ್ಜೂ ಉಳಿದಿರುತ್ತದೆ. ನಾನು ಇನ್ನೂ ಪ್ರತ್ಯೇಕ ಸಾಧನದ ಪಕ್ಷದವನಾಗಿರುವುದು ಈ ಒಂದು ಕಾರಣಕ್ಕೆ. ಆದರೆ 45 ಡಿಗ್ರಿ ದಾಟಿದ ಜಾಗದಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಚಾರ್ಜಿಗೆ ಹಾಕಿ ಹೋಗಬೇಡಿ.

ಇನ್ನು ಅಸಲಿ ಯಂತ್ರ. ಪಿಎಸ್‌ಪಿ ಆಟಗಳೇ ಮುಖ್ಯ ಎನ್ನುವವರು ಹಳೆಯ ಪಿಎಸ್‌ಪಿಯನ್ನೇ ಹುಡುಕಬಾರದೇಕೆ? ಯಾವ ದಲಾಲನೂ ಬೇಡ, ಅದರದೇ ಭಾಷೆ. ಪಿಎಸ್1ರ ಚಿಪ್ ಕೂಡ ಅದೇ ಎಂಐಪಿಎಸ್ ವಂಶದ್ದು, ಸೋನಿಯದೇ ಎಮ್ಯುಲೇಟರ್ ಅದರೊಳಗಿದೆ, ಆದ್ದರಿಂದ ಪಿಎಸ್1 ಆಟಗಳೂ ಸಲೀಸು. ಕೊಳ್ಳುವಾಗ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. 1000, 2000, 3000 ಮಾದರಿಗಳಲ್ಲಿ ಬ್ಯಾಟರಿ ಕೈಯಿಂದಲೇ ಬದಲಿಸಬಹುದು.

ಕಾರ್ಡ್, ಕೇಬಲ್, ಕಾಯ್ದೆ

ಸಾಧನದ ಜೊತೆ ಬರುವ ಹೆಸರಿಲ್ಲದ ಮೆಮರಿ ಕಾರ್ಡ್ ಮೊದಲು ಸಾಯುತ್ತದೆ. ಬಂದ ದಿನವೇ ಅದನ್ನು ಒಳ್ಳೆಯ ಕಂಪನಿಯ ಕಾರ್ಡಿಗೆ ನಕಲು ಮಾಡಿ. ಪಿಎಸ್1ರ ಒಂದು ಸಿ.ಡಿ. 700 ಎಂಬಿವರೆಗೂ ಆಗಬಹುದು. ಸಿಎಚ್‌ಡಿ ಎಂಬ ರೂಪಕ್ಕೆ ಬದಲಿಸಿಕೊಂಡರೆ ಏನೂ ಕಳೆಯದೆ ಜಾಗ ಉಳಿಯುತ್ತದೆ. ಸೇವ್ ಸ್ಟೇಟ್ (ಆಟ ನಿಂತ ಕ್ಷಣವನ್ನು ಎಮ್ಯುಲೇಟರ್ ಹಾಗೆಯೇ ಹಿಡಿದಿಡುವುದು) ಒಂದನ್ನೇ ನಂಬಬೇಡಿ, ಎಮ್ಯುಲೇಟರ್ ಬದಲಿಸಿದರೆ ಅದು ತೆರೆಯುವುದಿಲ್ಲ. ಆಟದೊಳಗಿನ ಸೇವ್ ಕೂಡ ಮಾಡಿಕೊಳ್ಳಿ. ಅಗ್ಗದ ಸಾಧನಗಳಲ್ಲಿ ಹಲವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ಗೆ ಚಾರ್ಜ್ ಆಗುವುದಿಲ್ಲ. ಕೆಟ್ಟಿದೆ ಎಂದು ರಿಪೇರಿಗೆ ಓಡುವ ಮುನ್ನ ಹಳೆಯ ಅಗಲ ಯುಎಸ್‌ಬಿ ತುದಿಯ ಕೇಬಲ್ ಹಾಕಿ ನೋಡಿ.

ಎಮ್ಯುಲೇಟರ್ ಬರೆಯುವುದು ತಪ್ಪಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಸೋನಿ-ಕನೆಕ್ಟಿಕ್ಸ್ ಮೊಕದ್ದಮೆಯಲ್ಲಿ ಹೇಳಿದೆ. ಕಾರ್ಡಿನಲ್ಲಿ ತುಂಬಿಕೊಟ್ಟ ಹದಿನೈದು ಸಾವಿರ ಆಟಗಳ ಕಥೆ ಬೇರೆ, ಅವುಗಳ ಹಕ್ಕು ಮಾರುವವನ ಬಳಿ ಇಲ್ಲ.

ಅಳಿಯನ ಡಬ್ಬಿ ಏನಾಯಿತು ಎಂದರೆ, ಅದರಲ್ಲಿದ್ದದ್ದು ಆರ್‌ಕೆ3326. ಕಾರ್ಡ್ ಬದಲಿಸಿ, ಫೋಲ್ಡರ್‌ಗಳನ್ನೆಲ್ಲ ಸೋಸಿ, ನಲವತ್ತು ಆಟ ಉಳಿಸಿಕೊಟ್ಟೆ. ಟೆಕ್ಕನ್ 3ರಲ್ಲಿ ಎಡ್ಡಿಯ ಒದೆ ತಿಂದು ಸೋತ ನನಗೆ ಅದರ ವೇಗದ ಬಗ್ಗೆ ಯಾವ ತಕರಾರೂ ಇಲ್ಲ. ಮೊನ್ನೆ ಮತ್ತೆ ಫೋನ್ ಮಾಡಿದ್ದ.

“ಮಾಮಾ, ಸ್ಯಾಟರ್ನ್ ಫೋಲ್ಡರ್ ಒಂದು ಇನ್ನೂ ಐತಿ. ಏನ್ ಮಾಡ್ಲಿ?”

“ಡಿಲೀಟ್ ಹೊಡಿ,” ಅಂದೆ.